ಅಮೆರಿಕದಲ್ಲಿ ಓದುತ್ತಾ ಕ್ಯೂಬಾಗೆ ಹೋಗಬೇಕಾ? ಟಿಕೆಟ್ ಬುಕ್ ಮಾಡುವ ಮೊದಲು ಇದನ್ನು ಓದಿ

ಅಮೆರಿಕದ ಮಯಾಮಿಯಿಂದ ಕ್ಯೂಬಾದ ರಾಜಧಾನಿ ಹವಾನಾಗೆ ಇರುವ ದೂರ ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಗಳೂರಿಗೆ ಇರುವಷ್ಟೇ. ವಿಮಾನ ಮೇಲೇರಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಆದರೆ ಅಷ್ಟು ಹತ್ತಿರದ ಊರಿಗೆ ಹೋಗಲು ನಾನು ಎರಡೂವರೆ ತಿಂಗಳು ತಯಾರಿ ಮಾಡಿದ್ದೆ. ಆಗ ನಾನು ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಓದುತ್ತಿದ್ದೆ. ಕ್ಯೂಬಾಗೆ ಹೊರಟಿದ್ದು ಅಲ್ಲಿನ ಎರಡು ವಾರದ ಕೋರ್ಸಿಗೆ. ವಿಷಯ ಕೇಳಿ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಗೆ ಹೋದ್ರೆ ಅಮೆರಿಕದವರು ವಾಪಸ್ ಬಿಟ್ಕೋತಾರಾ?"

ಈಗ ಪರಿಚಯದ ಹುಡುಗ ಹುಡುಗಿಯರು ನನಗೆ ಕೇಳುವುದೂ ಅದನ್ನೇ. ಬಿಟ್ಟುಕೊಳ್ಳುತ್ತಾರೆ. ಆದರೆ ಕಾಗದ ಪತ್ರ ಸರಿಯಾಗಿರಬೇಕು. ಅದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ

"ನಾನು ಭಾರತದ ಪಾಸ್‌ಪೋರ್ಟಿನವನು, ಕ್ಯೂಬಾ ಮೇಲೆ ಅಮೆರಿಕ ಹಾಕಿರುವ ವ್ಯಾಪಾರ ದಿಗ್ಬಂಧನ ನನಗೆ ಯಾಕೆ ತಟ್ಟುತ್ತದೆ?" ಇದು ಎಲ್ಲರೂ ಕೇಳುವ ಮಾತು. ಕೇಳುವುದರಲ್ಲಿ ತಪ್ಪೂ ಇಲ್ಲ. ವಿಶ್ವಸಂಸ್ಥೆಯಲ್ಲಿ ಈ ದಿಗ್ಬಂಧನ ಬೇಡ ಅನ್ನುವ ನಿರ್ಣಯಕ್ಕೆ ಭಾರತ ವರ್ಷ ವರ್ಷ ಪರವಾಗಿಯೇ ಮತ ಹಾಕುತ್ತಾ ಬಂದಿದೆ. ಆದರೆ ಅಮೆರಿಕದ ನಿಯಮ ನೋಡುವುದು ಪಾಸ್‌ಪೋರ್ಟಿನ ಬಣ್ಣವನ್ನಲ್ಲ. ಅಮೆರಿಕದ ಪ್ರಜೆಗಳು, ಅಲ್ಲಿ ನೆಲೆಸಿದವರು, ಇವರ ಜೊತೆಗೆ ಅಮೆರಿಕದ ನೆಲದ ಮೇಲೆ ಸದ್ಯಕ್ಕೆ ನಿಂತಿರುವ ಯಾರೇ ಆಗಲಿ, ಎಲ್ಲರೂ ಇದರ ಕೆಳಗೆ ಬರುತ್ತಾರೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಟೆಕ್ಸಸ್‌ನಲ್ಲೋ ಓಹಾಯೋದಲ್ಲೋ ಕೂತು ಟಿಕೆಟ್ ಬುಕ್ ಮಾಡುವ ದಾವಣಗೆರೆಯ ಹುಡುಗನೂ ಬರುತ್ತಾನೆ.

ಇನ್ನೊಂದು ಮಾತು. ಈ ನಿಯಮ ಹುಟ್ಟಿದ್ದು ಪ್ರಯಾಣದ ಕಾನೂನಾಗಿ ಅಲ್ಲ, ದುಡ್ಡಿನ ಕಾನೂನಾಗಿ. ಅಧ್ಯಕ್ಷ ಕೆನಡಿ 1962ರ ಫೆಬ್ರವರಿಯಲ್ಲಿ ವ್ಯಾಪಾರ ದಿಗ್ಬಂಧನ ಹಾಕಿದರು. ಮರುವರ್ಷ, 1963ರ ಜುಲೈನಲ್ಲಿ, ಖಜಾನೆ ಇಲಾಖೆ ವಿವರವಾದ ನಿಯಮಗಳನ್ನು ತಂದಿತು. ಇವತ್ತಿಗೂ ಇದನ್ನು ನೋಡಿಕೊಳ್ಳುವುದು ವಲಸೆ ಇಲಾಖೆಯಲ್ಲ, ಖಜಾನೆ ಇಲಾಖೆಯ ಒಫ್ಯಾಕ್ ಅನ್ನುವ ಕಚೇರಿ. ಅವರಿಗೆ ಬೇಕಾದದ್ದು ನೀವು ಅಲ್ಲಿ ಯಾವ ಕೆಲಸಕ್ಕೆ, ಯಾರಿಗೆ ದುಡ್ಡು ಕೊಟ್ಟಿರಿ ಅನ್ನುವ ಲೆಕ್ಕ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲಾ ಸುಲಭವಾಗಿ ಅರ್ಥವಾಗುತ್ತದೆ.

ಇದೇ ವಿಷಯದಲ್ಲಿ ವಿದ್ಯಾರ್ಥಿಗಳು ಅಮೆರಿಕದ ಸರ್ಕಾರವನ್ನು ಸುಪ್ರೀಂ ಕೋರ್ಟಿನವರೆಗೆ ಎಳೆದ ಕಥೆಯೂ ಇದೆ. 1963ರಲ್ಲಿ 58 ಜನ ಅಮೆರಿಕನ್ನರ ಗುಂಪೊಂದು, ಹೆಚ್ಚಿನವರು ಕಾಲೇಜು ಹುಡುಗರು, ಸರ್ಕಾರ ಬೇಡ ಅಂದರೂ ಕ್ಯೂಬಾಗೆ ಹೋಯಿತು. ಪ್ರವಾಸ ಏರ್ಪಾಡು ಮಾಡಿದವರ ಮೇಲೆ ಕೇಸು ಬಿತ್ತು. ಅವರ ಪಾಸ್‌ಪೋರ್ಟ್ ಕ್ಯೂಬಾಗೆ ಊರ್ಜಿತವಲ್ಲ ಅನ್ನುವುದೊಂದನ್ನೇ ಹಿಡಿದು ಇದನ್ನು ಅಪರಾಧ ಅನ್ನಲು ಬರುವುದಿಲ್ಲ ಎಂದು 1967ರಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ಹಿಡಿತ ಗಟ್ಟಿಯಾಗಿ ಉಳಿದದ್ದು ದುಡ್ಡಿನ ಮೇಲೆ.

ಹೆಜ್ಜೆ 1: ನಿಮ್ಮ ಕಾರಣ ಯಾವ ಡಬ್ಬಿಯಲ್ಲಿ ಕೂರುತ್ತದೆ?

ಸುಮ್ನೆ ಊರು ನೋಡಲು, ಬೀಚಿನಲ್ಲಿ ಬಿದ್ದುಕೊಳ್ಳಲು ಅವಕಾಶವಿಲ್ಲ. 2000ನೇ ಇಸವಿಯ ಕಾಯಿದೆಯೊಂದು ಪ್ರವಾಸೋದ್ಯಮವನ್ನು ನೇರವಾಗಿಯೇ ತಡೆದಿದೆ. ಅಧ್ಯಕ್ಷರು ಮನಸ್ಸು ಮಾಡಿದರೂ ಅದನ್ನು ಸಡಿಲಿಸುವಂತಿಲ್ಲ. ಉಳಿದಿರುವುದು ಹನ್ನೆರಡು ಬಗೆಯ ಕಾರಣಗಳು: ಕುಟುಂಬ ಭೇಟಿ, ಪತ್ರಿಕಾ ಕೆಲಸ, ಧಾರ್ಮಿಕ ಕಾರ್ಯ, ಮಾನವೀಯ ನೆರವು ಹೀಗೆ. ವಿದ್ಯಾರ್ಥಿಗಳಿಗೆ ಕೆಲಸಕ್ಕೆ ಬರುವವು ಮೂರು.

ಮೊದಲನೆಯದು ಶಿಕ್ಷಣ. ನಿಯಮದ ಸಂಖ್ಯೆ 515.565. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಎಲ್ಲೆಲ್ಲೂ ಬೇಕಾಗುತ್ತದೆ. ನಿಮ್ಮ ಯೂನಿವರ್ಸಿಟಿ ಕ್ರೆಡಿಟ್ ಕೊಡುವ ಕೋರ್ಸಿನ ಭಾಗವಾಗಿ ಹೋಗಬಹುದು. ಕ್ಯೂಬಾದ ವಿದ್ಯಾಸಂಸ್ಥೆಯಲ್ಲೇ ಓದಬಹುದು. ಹವಾನಾ ಯೂನಿವರ್ಸಿಟಿ 1728ರಷ್ಟು ಹಳೆಯದು. ಆದರೆ ಆ ಓದು ನಿಮ್ಮ ಡಿಗ್ರಿಗೆ ಕ್ರೆಡಿಟ್ ಆಗಿ ಸೇರಬೇಕು. ಡಿಗ್ರಿಗಾಗಿ ಕ್ಯೂಬಾ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದರೆ ಅದಕ್ಕೂ ದಾರಿ ಇದೆ.

ಎರಡನೆಯದು ವೃತ್ತಿಪರ ಸಂಶೋಧನೆ ಮತ್ತು ಸಮ್ಮೇಳನ, 515.564. "ನಾನಿನ್ನೂ ವಿದ್ಯಾರ್ಥಿ, ನನ್ನದೆಂಥ ವೃತ್ತಿ" ಅಂತ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಪೂರ್ಣಾವಧಿ ಮಾಸ್ಟರ್ಸ್ ಅಥವಾ ಪಿಎಚ್‌ಡಿ ಓದುವವರ ವಿಷಯವನ್ನೂ ನಿಯಮ ಇಲ್ಲಿ ಸೇರಿಸಿಕೊಂಡಿದೆ. ಹವಾನಾದಲ್ಲಿ ನಡೆಯುವ ಸಮ್ಮೇಳನದಲ್ಲಿ ಪೇಪರ್ ಓದುವ ಪಿಎಚ್‌ಡಿ ಹುಡುಗಿಗೆ ಇದೇ ಸರಿಯಾದ ಡಬ್ಬಿ.

ಮೂರನೆಯದು ಕ್ಯೂಬಾ ಜನರಿಗೆ ಬೆಂಬಲ, 515.574. ಕೋರ್ಸೂ ಇಲ್ಲ, ಸಂಶೋಧನೆಯೂ ಇಲ್ಲ ಅನ್ನುವವರು ಇದನ್ನು ಹಿಡಿಯುತ್ತಾರೆ. ಖಾಸಗಿ ಮನೆಯಲ್ಲಿ ಉಳಿಯುವುದು, ಖಾಸಗಿ ಹೋಟೆಲಲ್ಲಿ ಉಣ್ಣುವುದು ಇಷ್ಟೇ ಸಾಕು ಅಂತ ಅಂತರ್ಜಾಲದ ತುಂಬಾ ಬರೆದಿದ್ದಾರೆ. ಸಾಕಾಗುವುದಿಲ್ಲ. ಸ್ಥಳೀಯರ ಜೊತೆ ಅರ್ಥಪೂರ್ಣವಾಗಿ ಬೆರೆಯುವ ಕಾರ್ಯಕ್ರಮ ದಿನವಿಡೀ ಇರಬೇಕು, ಬಿಡುವು ಜಾಸ್ತಿ ಇರಬಾರದು. ನನ್ನ ಸಲಹೆ: ಕೋರ್ಸ್ ಸಿಗುವುದಾದರೆ ಅದರಲ್ಲೇ ಹೋಗಿ. ಒಂದು ಸೆಮಿಸ್ಟರ್ ಕಾಯಬೇಕಾದರೂ ಪರವಾಗಿಲ್ಲ.

ಹೆಜ್ಜೆ 2: ಲೈಸೆನ್ಸ್ ಯಾರೂ ಕೊಡುವುದಿಲ್ಲ, ಅರ್ಥ ಮಾಡಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲೇ. ಮೇಲಿನ ಹನ್ನೆರಡು ಕಾರಣಗಳಿಗೆ ಇರುವುದು ಜನರಲ್ ಲೈಸೆನ್ಸ್. ಅದಕ್ಕೆ ಅರ್ಜಿ ಇಲ್ಲ, ಫೀಸು ಇಲ್ಲ, ಸೀಲು ಹಾಕಿದ ಕಾಗದವೂ ಬರುವುದಿಲ್ಲ. ನಮ್ಮ ಶಕ್ತಿ ಯೋಜನೆಯ ಬಸ್ಸನ್ನೇ ನೆನಪಿಸಿಕೊಳ್ಳಿ. ಹೆಂಗಸರು ಯಾವ ಕಚೇರಿಗೂ ಹೋಗಿ ಅನುಮತಿ ಕೇಳುವುದಿಲ್ಲ. ನಿಯಮದಲ್ಲೇ ಅನುಮತಿ ಇದೆ. ಆದರೆ ಕಂಡಕ್ಟರ್ ಕೇಳಿದಾಗ ಗುರುತಿನ ಚೀಟಿ ತೋರಿಸಬೇಕು. ಇದೂ ಹಾಗೆಯೇ. ನೀವು ಆ ನಿಯಮದೊಳಗೆ ಬರುತ್ತೀರಿ ಅಂತ ಕೇಳಿದ ದಿನ ತೋರಿಸಬೇಕು. ತೋರಿಸುವ ಚೀಟಿಯನ್ನು ನೀವೇ ತಯಾರು ಮಾಡಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ.

ಹಾಗಾಗಿ ಹೊರಡುವ ಮುಂಚೆಯೇ ಒಂದು ಫೈಲು ಶುರು ಮಾಡಿ. ಡಿಪಾರ್ಟ್‌ಮೆಂಟಿನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ: ನೀವು ಯಾರು, ಯಾವ ಡಿಗ್ರಿ, ಯಾವ ಕೋರ್ಸ್ ಅಥವಾ ಸಂಶೋಧನೆ, ಯಾವ ನಿಯಮದ ಕೆಳಗೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ಅದರ ಜೊತೆ ಕೋರ್ಸಿನ ಸಿಲಬಸ್, ದಿನದಿನದ ವೇಳಾಪಟ್ಟಿ, ಅಲ್ಲಿಂದ ಬಂದ ಆಹ್ವಾನ ಪತ್ರ. ವಾಪಸ್ ಬಂದ ಮೇಲೆ ರಸೀದಿಗಳು, ನಿಮ್ಮ ಟಿಪ್ಪಣಿಗಳು ಸೇರುತ್ತವೆ. ನನ್ನ ಪತ್ರದಲ್ಲಿ ಮೊದಲು "ಸಾಂಸ್ಕೃತಿಕ ಭೇಟಿ" ಅಂತ ಬರೆದಿದ್ದರು. ಆ ಮಾತು ಯಾವ ಡಬ್ಬಿಗೂ ಸೇರುವುದಿಲ್ಲ. ಎರಡು ಸಲ ತಿದ್ದಿಸಿದೆ. ಸಂಕೋಚ ಪಡಬೇಡಿ, ತಿದ್ದಿಸಿ.

ಹೆಜ್ಜೆ 3: ಯೂನಿವರ್ಸಿಟಿಯಲ್ಲಿ ಮೂರು ಬಾಗಿಲು ತಟ್ಟಿ

ಒಂದು, ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ. ವಿದ್ಯಾರ್ಥಿ ವೀಸಾಕ್ಕಾಗಿ ಯೂನಿವರ್ಸಿಟಿ ಕೊಟ್ಟಿರುವ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಹಾಕಿಸಿ. ಓದುತ್ತಿರುವವರಿಗೆ ಅದು ಒಂದು ವರ್ಷ, ಒಪಿಟಿಯಲ್ಲಿ (ಓದಿದ ವಿಷಯದಲ್ಲೇ ತಾತ್ಕಾಲಿಕವಾಗಿ ಕೆಲಸ ಮಾಡುವ ಅನುಮತಿ) ಇರುವವರಿಗೆ ಆರು ತಿಂಗಳು ನಡೆಯುತ್ತದೆ. ಆಮೇಲೆ ಪಾಸ್‌ಪೋರ್ಟಿನಲ್ಲಿರುವ ವೀಸಾದ ತಾರೀಖನ್ನು ನೋಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನಿಸುತ್ತದೆ. ವೀಸಾ ಮುಗಿದಿದ್ದರೂ ಕೆನಡಾಕ್ಕೋ ಮೆಕ್ಸಿಕೋಗೋ ಹೋಗಿ ಮೂವತ್ತು ದಿನದೊಳಗೆ ವಾಪಸ್ ಬರಬಹುದು ಅನ್ನುವ ಸವಲತ್ತು ನಮ್ಮವರಿಗೆಲ್ಲಾ ಗೊತ್ತು. ಎಫ್ ವೀಸಾದವರಿಗೆ ಅದು ಕೆರಿಬಿಯನ್ ದ್ವೀಪಗಳಿಗೂ ಸಿಗುತ್ತದೆ, ಕ್ಯೂಬಾ ಒಂದನ್ನು ಬಿಟ್ಟು. ಅಂದರೆ ವೀಸಾ ಮುಗಿದವರು ಕ್ಯೂಬಾಗೆ ಹೋದರೆ ಹೊಸ ವೀಸಾ ಇಲ್ಲದೆ ಒಳಗೆ ಬರಲಾಗದು. ಅಮ್ಮನ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ. ದಿಗ್ಬಂಧನ ಅಲ್ಲ, ಮುಗಿದ ವೀಸಾ ಬಾಗಿಲು ಹಾಕಿಸುತ್ತದೆ.

ಎರಡು, ಎಕ್ಸ್‌ಪೋರ್ಟ್ ಕಂಟ್ರೋಲ್ ಕಚೇರಿ. ಇಂಥದ್ದೊಂದು ಇದೆ ಅಂತ ಬಹಳ ವಿದ್ಯಾರ್ಥಿಗಳಿಗೆ ಗೊತ್ತೇ ಇರುವುದಿಲ್ಲ. ಲ್ಯಾಪ್‌ಟಾಪ್ ಹಿಡಿದು ಕ್ಯೂಬಾಗೆ ಹೋಗುವುದೂ ಕಾನೂನಿನ ಕಣ್ಣಿಗೆ ರಫ್ತೇ. ನಿಮ್ಮ ಸ್ವಂತ ಲ್ಯಾಪ್‌ಟಾಪು, ಫೋನು ನಿಮ್ಮ ಬ್ಯಾಗಿನಲ್ಲಿ ಹೋಗಿ ನಿಮ್ಮ ಜೊತೆಯೇ ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಲ್ಯಾಬಿನ ಉಪಕರಣ, ಜಿಪಿಎಸ್ ಯಂತ್ರ, ಡ್ರೋನ್, ಪ್ರಕಟವಾಗದ ತಾಂತ್ರಿಕ ಮಾಹಿತಿ ಇವು ಬೇರೆ ಕಥೆ. ಕೇಳದೆ ಒಯ್ಯಬೇಡಿ. ಸಂಶೋಧನೆಯ ಫೈಲುಗಳೆಲ್ಲಾ ತುಂಬಿರುವ ಲ್ಯಾಪ್‌ಟಾಪ್ ಬಿಟ್ಟು ಖಾಲಿ ಇರುವ ಹಳೆಯದೊಂದನ್ನು ಒಯ್ಯುವುದು ಜಾಣತನ.

ಮೂರು, ವಿದೇಶ ಪ್ರಯಾಣ ನೋಂದಣಿ ಮತ್ತು ವಿಮೆ. ಇದು ಸುಲಭದ ಕೆಲಸ. ಜನರನ್ನು ಸಂದರ್ಶನ ಮಾಡುವ ಸಂಶೋಧನೆಯಾದರೆ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು.

ಫ್ಲಾರಿಡಾದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಓದುವವರು ಇನ್ನೊಂದು ವಿಷಯ ಗಮನಿಸಿ. ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶ ಅಂತ ಅಮೆರಿಕ ಪಟ್ಟಿ ಮಾಡಿದ ದೇಶಗಳಿಗೆ ಹೋಗಲು ಯೂನಿವರ್ಸಿಟಿಯ ದುಡ್ಡು ಬಳಸಬಾರದು ಅಂತ ಆ ರಾಜ್ಯ 2006ರಲ್ಲೇ ಕಾನೂನು ಮಾಡಿದೆ. ಕ್ಯೂಬಾ ಆ ಪಟ್ಟಿಗೆ 1982ರಲ್ಲಿ ಸೇರಿತು, 2015ರಲ್ಲಿ ಹೊರಬಂತು, 2021ರಲ್ಲಿ ಮತ್ತೆ ಸೇರಿತು. 2025ರ ಜನವರಿಯಲ್ಲಿ ಬೈಡನ್ ತೆಗೆಯಲು ಹೊರಟರು, ಕೆಲವೇ ದಿನಗಳಲ್ಲಿ ಟ್ರಂಪ್ ಅದನ್ನು ರದ್ದು ಮಾಡಿದರು. ಕ್ಯೂಬಾಗೆ ಅತಿ ಹತ್ತಿರದಲ್ಲಿರುವ ವಿದ್ಯಾರ್ಥಿಗಳಿಗೇ ಅತಿ ಜಾಸ್ತಿ ಕಷ್ಟ. ಏನು ಮಾಡುವುದು.

ನಿಯಮಗಳು ಹೀಗೆ ಆಗಾಗ ತಿರುಗುತ್ತವೆ ಅನ್ನುವುದು ನೆನಪಿರಲಿ. 2004ರಲ್ಲಿ ಹತ್ತು ವಾರಕ್ಕಿಂತ ಚಿಕ್ಕ ಕೋರ್ಸುಗಳಿಗೆ ಅನುಮತಿ ಇಲ್ಲ ಅಂದರು. ಎಷ್ಟೋ ಕಾರ್ಯಕ್ರಮಗಳು ಅಲ್ಲಿಗೇ ನಿಂತವು. 2011ರಲ್ಲಿ ಸಡಿಲ, 2015ರಲ್ಲಿ ಇನ್ನೂ ಸಡಿಲ, 2017 ಮತ್ತು 2019ರಲ್ಲಿ ಬಿಗಿ, 2022ರಲ್ಲಿ ಸ್ವಲ್ಪ ಸಡಿಲ, 2025ರ ಜೂನಿನಲ್ಲಿ ಮತ್ತೆ ಬಿಗಿ ಮಾಡುವ ಆದೇಶ. ಸೀನಿಯರ್ ಹೇಳಿದ್ದು ಅವರು ಹೋದ ವರ್ಷಕ್ಕೆ ಸರಿ ಇರಬಹುದು. ನೀವು ಹೊರಡುವ ವಾರ ಒಫ್ಯಾಕ್‌ನ ಪುಟವನ್ನು ನೀವೇ ತೆರೆದು ನೋಡಿ. ನನ್ನ ಈ ಲೇಖನಕ್ಕೂ ಅದೇ ಮಾತು.

ಹೆಜ್ಜೆ 4: ಕ್ಯೂಬಾದ ವೀಸಾ

ಭಾರತೀಯರಿಗೆ ಕ್ಯೂಬಾದ ವೀಸಾ ಬೇಕು. ಚಿಕ್ಕ ಭೇಟಿಗೆ ಮೊದಲೆಲ್ಲಾ ಟೂರಿಸ್ಟ್ ಕಾರ್ಡ್ ಅನ್ನುವ ಕಾಗದದ ಚೀಟಿ ಇತ್ತು. ಈಗ ಅದರ ಜಾಗಕ್ಕೆ ಇ-ವೀಸಾ ಬಂದಿದೆ. ಅದರ ಜೊತೆ ಡಿ-ವಿಯಾಹೆರೋಸ್ ಅನ್ನುವ ಫಾರ್ಮನ್ನು ಅಂತರ್ಜಾಲದಲ್ಲಿ ತುಂಬಬೇಕು. ಅದರಲ್ಲಿ ಬರುವ ಕ್ಯೂಆರ್ ಕೋಡನ್ನು ವಿಮಾನ ಹತ್ತುವಾಗಲೂ ಇಳಿದಾಗಲೂ ಕೇಳುತ್ತಾರೆ. ಫೋನಿನಲ್ಲಿ ಇದ್ದರೂ ಒಂದು ಪ್ರಿಂಟ್ ಇಟ್ಟುಕೊಳ್ಳಿ.

ಪತ್ರಾಗಾರ, ಆಸ್ಪತ್ರೆ, ಶಾಲೆಗಳಲ್ಲಿ ಸಂಶೋಧನೆ ಮಾಡುವವರಿಗೆ ಟೂರಿಸ್ಟ್ ವೀಸಾ ಸಾಲದು. ಅಕಾಡೆಮಿಕ್ ವೀಸಾ ಬೇಕು. ಅದನ್ನು ಅಲ್ಲಿನ ಒಂದು ಸಂಸ್ಥೆಯೇ ನಿಮ್ಮ ಪರವಾಗಿ ಕೇಳಿಕೊಳ್ಳಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಇಮೇಲಿಗೆ ಉತ್ತರ ನಿಧಾನ. ಅಮೆರಿಕದ ಕಡೆಯ ಕಾಗದ ಸರಿ ಇದ್ದು ಕ್ಯೂಬಾದ ಕಡೆಯದ್ದು ತಪ್ಪಿ, ಪತ್ರಾಗಾರದ ಬಾಗಿಲಲ್ಲೇ ವಾಪಸಾದ ಪಿಎಚ್‌ಡಿ ವಿದ್ಯಾರ್ಥಿಯೊಬ್ಬರನ್ನು ನಾನು ಹವಾನಾದಲ್ಲೇ ಭೇಟಿಯಾದೆ. ಪಾಪ, ಎರಡು ವಾರ ಕೆಲಸವಿಲ್ಲದೆ ಓಡಾಡಿದರು.

ಹೆಜ್ಜೆ 5: ಟಿಕೆಟ್ ಮತ್ತು ಉಳಿಯುವ ಜಾಗ

ಅಮೆರಿಕದಿಂದ ನೇರ ವಿಮಾನ ಬುಕ್ ಮಾಡುವಾಗ ಹನ್ನೆರಡರಲ್ಲಿ ನಿಮ್ಮ ಕಾರಣ ಯಾವುದು ಅಂತ ಕೇಳುತ್ತಾರೆ. ಪತ್ರದಲ್ಲಿ ಏನಿದೆಯೋ ಅದನ್ನೇ ಆರಿಸಿ. "ಕ್ಯಾಂಕೂನ್ ಮೂಲಕ ಹೋದ್ರೆ ಯಾರಿಗೂ ಗೊತ್ತಾಗಲ್ಲ, ಅಮೆರಿಕದ ವೀಸಾ ಇದ್ರೆ ಮೆಕ್ಸಿಕೋಗೆ ಬೇರೆ ವೀಸಾನೂ ಬೇಡ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಎರಡನೇ ಅರ್ಧ ನಿಜ. ಮೊದಲ ಅರ್ಧ ನಂಬಬೇಡಿ. ದಾರಿ ಯಾವುದಾದರೂ ನಿಯಮ ಅದೇ. ಸರಿಯಾದ ಕಾರಣ ಇದ್ದರೆ ನೇರವಾಗಿ ಹೋಗಲು ಅಂಜಿಕೆ ಯಾಕೆ? ಸರಿಯಾದ ಕಾರಣ ಇಲ್ಲದಿದ್ದರೆ ಸಿಕ್ಕಿಬಿದ್ದ ದಿನ ದಂಡ ಒಂದೊಂದು ತಪ್ಪಿಗೆ ಒಂದು ಲಕ್ಷ ಡಾಲರಿಗೂ ಮೇಲೆ ಹೋಗಬಹುದು.

ಉಳಿಯಲು ಕಾಸಾ ಪರ್ತಿಕುಲಾರ್ ಹುಡುಕಿ. ನಮ್ಮ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇ ಇದ್ದ ಹಾಗೆ: ಮನೆಯವರು ಒಂದು ಕೋಣೆ ಬಿಟ್ಟುಕೊಟ್ಟು ಬೆಳಗಿನ ತಿಂಡಿ ಕೊಡುತ್ತಾರೆ. ದೊಡ್ಡ ಹೋಟೆಲುಗಳು ಬಹುತೇಕ ಸರ್ಕಾರದ್ದು ಅಥವಾ ಸೇನೆಗೆ ಸೇರಿದ ಕಂಪನಿಗಳದ್ದು. ಅಮೆರಿಕದ ನಿಯಮದ ಕೆಳಗೆ ಬರುವವರು ಉಳಿಯಬಾರದ ಜಾಗಗಳ ಪಟ್ಟಿಯನ್ನು 2020ರಲ್ಲಿ ಹೊರಡಿಸಿದರು. ಫೋಟೋದಲ್ಲಿ ಎಲ್ಲರೂ ನೋಡಿರುವ ಹೋಟೆಲ್ ನಾಸಿಯೊನಾಲ್ ಕೂಡ ಅದರಲ್ಲಿದೆ. ದುಡ್ಡೇ ಕೊಡಬಾರದ ಕಂಪನಿಗಳ ಪಟ್ಟಿ ಬೇರೆ ಇದೆ. ಅದರಲ್ಲಿ ತ್ರೊಪಿಕೋಲಾ ಅನ್ನುವ ಕೋಲಾದ ಹೆಸರನ್ನೂ ಬರೆದಿದ್ದಾರೆ! ತಡೆ ಇರುವುದು ಆ ಕಂಪನಿಗೆ ನೇರವಾಗಿ ದುಡ್ಡು ಕೊಡುವುದಕ್ಕೆ. ಆದರೂ ನಾನಂತೂ ಎರಡು ವಾರ ಕಬ್ಬಿನ ಹಾಲು ಕುಡಿದುಕೊಂಡೇ ಇದ್ದೆ. ಅದಕ್ಕೆ ಅಲ್ಲಿ ಗ್ವಾರಾಪೋ ಅನ್ನುತ್ತಾರೆ. ನಮ್ಮಲ್ಲಿ ಹಾಕುವ ಶುಂಠಿ ಮಾತ್ರ ಇಲ್ಲ.

ಹೆಜ್ಜೆ 6: ದುಡ್ಡು, ಎಲ್ಲಾ ನಗದು

ಅಮೆರಿಕದ ಬ್ಯಾಂಕಿನ ಕಾರ್ಡು ಅಲ್ಲಿ ನಡೆಯುವುದಿಲ್ಲ. ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಮುಗಿದರೆ ಅಪ್ಪನಿಗೆ ಫೋನ್ ಮಾಡಿ ತರಿಸಿಕೊಳ್ಳೋಣ ಅಂದರೆ ಅದಕ್ಕೂ ಸುಲಭದ ದಾರಿ ಇಲ್ಲ. ಪೂರ್ತಿ ಪ್ರವಾಸದ ಖರ್ಚಿನ ಮೇಲೆ ಮೂರನೇ ಒಂದು ಭಾಗ ಸೇರಿಸಿ ನಗದು ಒಯ್ಯಿರಿ. ಡಾಲರೋ ಯೂರೋನೋ, ಚಿಕ್ಕ ನೋಟುಗಳು, ಹರಿಯದ, ಗೀಚದ ನೋಟುಗಳು. ಎರಡು ಮೂರು ಕಡೆ ಹಂಚಿ ಇಡಿ. ಮೊದಲು ಪ್ರವಾಸಿಗಳಿಗೆ ಬೇರೆ ನಾಣ್ಯ ಇತ್ತು. 2021ರಿಂದ ಅದು ಇಲ್ಲ, ಈಗ ಪೆಸೋ ಒಂದೇ. ಹಳೆಯ ಮಾರ್ಗದರ್ಶಿ ಪುಸ್ತಕದ ದುಡ್ಡಿನ ಪುಟಗಳನ್ನು ಹರಿದು ಹಾಕಬಹುದು. ಪೆಸೋ ಸ್ವಲ್ಪ ಸ್ವಲ್ಪವೇ ಬದಲಾಯಿಸಿಕೊಳ್ಳಿ. ಉಳಿದರೆ ಹೊರಗೆ ಯಾರೂ ತೆಗೆದುಕೊಳ್ಳುವುದಿಲ್ಲ.

ದುಡ್ಡು ಕಳಿಸುವ ಪೇಪಾಲ್, ವೆನ್ಮೋ ಆ್ಯಪ್‌ಗಳನ್ನು ಅಲ್ಲಿ ತೆರೆಯಲೇ ಹೋಗಬೇಡಿ, ಖಾತೆ ತಡೆಹಿಡಿಯುತ್ತಾರೆ. ಝೂಮ್ ಕೆಲಸ ಮಾಡುವುದಿಲ್ಲ. ಪ್ರೊಫೆಸರ್ ಜೊತೆ ಮೀಟಿಂಗ್ ಇದ್ದರೆ ಮೊದಲೇ ಮುಂದೂಡಿ. ವಾಟ್ಸಾಪ್ ಮಾತ್ರ ನಡೆಯುತ್ತದೆ, ಇಂಟರ್ನೆಟ್ ಇದ್ದಾಗ.

ಹೆಜ್ಜೆ 7: ಬ್ಯಾಗು

ಕರೆಂಟು ಹೋಗುತ್ತದೆ. ನಮ್ಮ ಬೇಸಿಗೆಯ ಲೋಡ್ ಶೆಡ್ಡಿಂಗ್ ಹಾಗಲ್ಲ. 2024ರ ಅಕ್ಟೋಬರಿನಲ್ಲಿ ಇಡೀ ದೇಶದ ವಿದ್ಯುತ್ ಜಾಲವೇ ಕುಸಿದು ಬಿತ್ತು, ಆಮೇಲೂ ಹಾಗೆ ಆಗಿದೆ. ದೊಡ್ಡ ಪವರ್ ಬ್ಯಾಂಕು, ತಲೆಗೆ ಕಟ್ಟುವ ಟಾರ್ಚು ಇರಲಿ. ಇಂಧನದ ಕೊರತೆಯಿಂದ ಬಸ್ಸು, ವಿಮಾನ ಎರಡೂ ರದ್ದಾಗಬಹುದು. ಹಾಗಾಗಿ ವಾಪಸ್ ಬಂದ ಮರುದಿನವೇ ಪರೀಕ್ಷೆ ಇಟ್ಟುಕೊಳ್ಳಬೇಡಿ.

ಔಷಧ ಅಲ್ಲಿ ಸಿಗುತ್ತದೆ ಅಂತ ನಂಬಬೇಡಿ. ಜ್ವರದ ಮಾತ್ರೆ, ಓಆರ್‌ಎಸ್, ನಿಮ್ಮ ದಿನದ ಮಾತ್ರೆ ಎಲ್ಲಾ ಪೂರ್ತಿ ಕಟ್ಟಿಕೊಳ್ಳಿ. 2025ರಲ್ಲಿ ಅಲ್ಲಿ ಚಿಕುನ್‌ಗುನ್ಯಾ ಜೋರಾಗಿ ಹಬ್ಬಿತ್ತು. ಅದರ ಕೀಲುನೋವು ಎಂಥದ್ದು ಅಂತ ನಮ್ಮ ಊರಿನವರಿಗೆ ಹೇಳಬೇಕಿಲ್ಲ, ಅಲ್ವಾ? ಸೊಳ್ಳೆ ಕ್ರೀಮ್ ಮರೆಯಬೇಡಿ. ಕ್ಯೂಬಾ ಪ್ರವಾಸಿಗಳಿಗೆ ಆರೋಗ್ಯ ವಿಮೆ ಕಡ್ಡಾಯ. ಅಮೆರಿಕದಿಂದ ಹೋಗುವ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ಅದು ಸೇರಿರುತ್ತದೆ, ಬೋರ್ಡಿಂಗ್ ಪಾಸನ್ನು ಕೊನೆಯವರೆಗೂ ಬಿಸಾಡಬೇಡಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಅನ್ನ, ಕಪ್ಪು ಬೀನ್ಸ್ ಕಾಳು ಎಲ್ಲೆಲ್ಲೂ ಸಿಗುತ್ತದೆ, ನೋಡಲು ಸಾಧುವಾಗಿಯೇ ಕಾಣುತ್ತದೆ. ಆದರೆ ಒಗ್ಗರಣೆ ಹಂದಿ ಕೊಬ್ಬಿನದ್ದಿರಬಹುದು. "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ ಮಾತ್ರ ಅರ್ಥ. "ಸಿನ್ ಮಾಂತೇಕಾ" ಅಂತಲೂ ಸೇರಿಸಿ, ಕೊಬ್ಬು ಬೇಡ ಅಂತ. ಬೇಯಿಸಿದ ಮರಗೆಣಸು, ಬಾಳೆಕಾಯಿ ಕರಿದದ್ದು ಸಿಗುತ್ತದೆ. ನನ್ನ ಬ್ಯಾಗಿನಲ್ಲಿ ಚಟ್ನಿಪುಡಿ ಇತ್ತು. ಮನೆಯೊಡತಿಗೆ ರುಚಿ ತೋರಿಸಿದೆ, ಕೊನೆಗೆ ಡಬ್ಬಿಯನ್ನೇ ಬಿಟ್ಟು ಬರಬೇಕಾಯಿತು.

ಹೆಜ್ಜೆ 8: ವಾಪಸ್ ಬರುವಾಗ

ಸಿಗಾರು, ರಮ್ ತರಬೇಡಿ. ಒಂದು ಕಾಲದಲ್ಲಿ ಅನುಮತಿ ಇತ್ತು, 2020ರ ಸೆಪ್ಟೆಂಬರಿನಿಂದ ಇಲ್ಲ. ಅಲ್ಲೇ ಕೂತು ಸೇದುವುದು, ಕುಡಿಯುವುದು ನಿಮಗೆ ಬಿಟ್ಟದ್ದು. ಪುಸ್ತಕ, ಪೋಸ್ಟರು, ಹಾಡಿನ ಸಿಡಿ, ಚಿತ್ರಕಲೆ ತರಬಹುದು. ಮಾಹಿತಿಯ ವಸ್ತುಗಳಿಗೆ ದಿಗ್ಬಂಧನ ತಾಗಬಾರದು ಅಂತ 1988ರಲ್ಲೇ ಕಾನೂನು ತಿದ್ದಿದ್ದಾರೆ.

ಇಮಿಗ್ರೇಷನ್ ಕೌಂಟರಿನಲ್ಲಿ ಎಲ್ಲಿಗೆ ಹೋಗಿದ್ದಿರಿ ಅಂದರೆ ಕ್ಯೂಬಾಗೆ ಅನ್ನಿ. ಯಾಕೆ ಅಂದರೆ ಯೂನಿವರ್ಸಿಟಿಯ ಕೋರ್ಸಿಗೆ ಅನ್ನಿ. ಕೇಳಿದರೆ ಪತ್ರ ತೋರಿಸಿ, ಕೇಳದಿದ್ದರೆ ಸುಮ್ಮನಿರಿ. ನನ್ನನ್ನು ಕೇಳಿದ್ದು ಒಂದೂವರೆ ನಿಮಿಷ. ಮುಂದೆ ಯಾವತ್ತಾದರೂ ವೀಸಾ ಅರ್ಜಿಯಲ್ಲಿ ಐದು ವರ್ಷದಲ್ಲಿ ಯಾವ ಯಾವ ದೇಶಕ್ಕೆ ಹೋಗಿದ್ದಿರಿ ಅಂತ ಬರುತ್ತದೆ. ಅಲ್ಲೂ ಮುಚ್ಚಿಡಬೇಡಿ.

ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಇರುವ ನಿಮ್ಮ ಕಸಿನ್ ಜೊತೆಗೆ ಬರುತ್ತೇನೆ ಅಂದರೆ ಅವರಿಗೆ ಇದನ್ನು ತಿಳಿಸಿ. 2021ರ ಜನವರಿ 12ರ ನಂತರ ಕ್ಯೂಬಾಗೆ ಹೋದವರಿಗೆ ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗಲು ಬಿಡುವ ಎಸ್ಟಾ ಸವಲತ್ತು ಸಿಗುವುದಿಲ್ಲ, ವೀಸಾಕ್ಕೆ ಸರದಿಯಲ್ಲಿ ನಿಲ್ಲಬೇಕು. ಭಾರತದ ಪಾಸ್‌ಪೋರ್ಟಿನವರಿಗೆ ಆ ಸವಲತ್ತು ಮೊದಲಿಂದಲೂ ಇಲ್ಲ, ಹಾಗಾಗಿ ಕಳೆದುಕೊಳ್ಳುವುದೂ ಇಲ್ಲ.

ಆಮೇಲೆ ಆ ಫೈಲು. ಮೊದಲು ಐದು ವರ್ಷ ಇಡಿ ಅನ್ನುತ್ತಿದ್ದರು, 2025ರ ಮಾರ್ಚ್ 12ರಿಂದ ಅದನ್ನು ಹತ್ತು ವರ್ಷ ಮಾಡಿದ್ದಾರೆ. ಡಿಗ್ರಿ ಮುಗಿದು, ಕೆಲಸ ಸಿಕ್ಕಿ, ನಾಲ್ಕು ಮನೆ ಬದಲಾಯಿಸಿ, ಬಹುಶಃ ಊರಿಗೆ ವಾಪಸ್ ಬಂದ ಮೇಲೂ ಅದು ನಿಮ್ಮ ಹತ್ತಿರ ಇರಬೇಕು. ಯೂನಿವರ್ಸಿಟಿಯ ಇಮೇಲಿನಲ್ಲಿ ಇಡಬೇಡಿ. ಓದು ಮುಗಿದ ಮೇಲೆ ಆ ಖಾತೆ ಉಳಿಯುತ್ತದೆ ಅನ್ನುವಂತಿಲ್ಲ. ಕಾಸಾದವರು ಕೊಡುವ ರಸೀದಿ ಪೆನ್ನಿನಲ್ಲಿ ಬರೆದ ಒಂದು ಚೂರು ಕಾಗದ, ಅದೂ ಮಾಸಿಹೋಗುತ್ತದೆ. ಕೈಗೆ ಬಂದ ದಿನವೇ ಫೋಟೋ ತೆಗೆದಿಡಿ.